ಗುರ್ಲಾಪುರ ಕ್ರಾಸಿನ ಪಠ್ಯಕ್ರಮ

ಸಾರ್ವಜನಿಕ ನೀತಿಯಲ್ಲಿ ಸ್ನಾತಕೋತ್ತರ ಪದವಿ ಎಂದರೆ, ಸರ್ಕಾರ ಏನು ಮಾಡುತ್ತದೆ, ಅದನ್ನು ಏಕೆ ಮಾಡುತ್ತದೆ, ಮಾಡುತ್ತೇನೆಂದು ಹೇಳಿದ್ದನ್ನು ಏಕೆ ಮಾಡುವುದಿಲ್ಲ ಎಂಬ ಮೂರು ಪ್ರಶ್ನೆಗಳನ್ನು ಶುಲ್ಕ ಕಟ್ಟಿ ಎರಡು ವರ್ಷ ಕೇಳುತ್ತ ಕೂಡುವ ವಿದ್ಯೆ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳಲ್ಲಿ ಈ ಮೂರನೆಯ ಪ್ರಶ್ನೆಯನ್ನು ಚಹಾದಂಗಡಿಯ ಬಾಕಿನ ಮೇಲೆ ಕೂತು ಬಿಟ್ಟಿಯಾಗಿ ಕೇಳುವ ಸಂಪ್ರದಾಯ ಬಹಳ ಹಳೆಯದು. ಆದ್ದರಿಂದ ಬೆಂಗಳೂರಿನ ನಾಗರಭಾವಿಯಲ್ಲಿರುವ ರಾಷ್ಟ್ರೀಯ ಕಾನೂನು ಶಾಲೆ 2014ರಿಂದ ಇದಕ್ಕೆಂದೇ ಒಂದು ಕೋರ್ಸು ನಡೆಸುತ್ತಿದೆ ಎಂಬ ಸುದ್ದಿ ಅಲ್ಲಿ ಹುಟ್ಟಿಸಬಹುದಾದ ಬೆರಗು ಅಷ್ಟಕ್ಕಷ್ಟೆ. ಬೆರಗು ಹುಟ್ಟಿಸುವುದು ಅದರ ಶುಲ್ಕ.

ಈ ವಿದ್ಯೆಯ ವಂಶಾವಳಿಯನ್ನು ಪಠ್ಯಪುಸ್ತಕಗಳು ಸಾಮಾನ್ಯವಾಗಿ 1887ರಿಂದ ಆರಂಭಿಸುತ್ತವೆ. ಆ ವರ್ಷ ವುಡ್ರೊ ವಿಲ್ಸನ್ ಎಂಬ ಅಧ್ಯಾಪಕರು, ಮುಂದೆ ಅಮೆರಿಕದ ಅಧ್ಯಕ್ಷರಾದವರು, ಆಡಳಿತವನ್ನು ರಾಜಕೀಯದಿಂದ ಬೇರ್ಪಡಿಸಿ ಸ್ವತಂತ್ರ ಶಾಸ್ತ್ರವಾಗಿ ಅಭ್ಯಸಿಸಬೇಕೆಂದು ಒಂದು ಪ್ರಬಂಧ ಬರೆದರು. ಅದೇ 1887ರಲ್ಲಿ, ಘಟಪ್ರಭೆ ಸುಮಾರು 52 ಮೀಟರ್ ಕೆಳಕ್ಕೆ ಧುಮುಕುವ ಗೋಕಾಕ ಫಾಲ್ಸ್‌ನಲ್ಲಿ ನೀರಿನ ಬಲದಿಂದ ನೂಲಿನ ಗಿರಣಿ ತಿರುಗತೊಡಗಿತು. ಎರಡರಲ್ಲಿ ಯಾವುದು ಹೆಚ್ಚು ಮನೆಗಳ ಒಲೆ ಹೊತ್ತಿಸಿತು ಎಂಬುದನ್ನು ಪಠ್ಯಪುಸ್ತಕಗಳು ಚರ್ಚಿಸುವುದಿಲ್ಲ. ರಾಜಕೀಯ ಬೇರೆ, ಆಡಳಿತ ಬೇರೆ ಎಂಬ ವಿಲ್ಸನ್ನರ ಮಾತನ್ನು ಈ ಮೂರು ತಾಲ್ಲೂಕುಗಳ ಯಾವುದೇ ಕಟ್ಟೆಯ ಮೇಲೆ ಗಟ್ಟಿಯಾಗಿ ಓದಿ ಹೇಳಿದರೆ ಕೇಳುಗರು ಅದನ್ನು ಹಾಸ್ಯೋತ್ಸವದ ಭಾಷಣವೆಂದೇ ತಿಳಿದು ಚಪ್ಪಾಳೆ ತಟ್ಟಿಯಾರು. ಇನ್ನು ಗೋಕಾಕದಿಂದ ಬೆಂಗಳೂರಿಗೆ ಓದಲು ಹೋದ ವಿದ್ಯಾರ್ಥಿಯ ಮೊದಲ ಸೆಮಿಸ್ಟರು ಬಹುಮಟ್ಟಿಗೆ ಒಂದೇ ಸಮಜಾಯಿಷಿಯಲ್ಲಿ ಕಳೆಯುತ್ತದೆ: ಕನ್ನಡಕ್ಕೆ ಪ್ರಥಮ ಭಾಷೆಯ ಸ್ಥಾನ ಕೊಡಬೇಕೆಂದು 1981ರಲ್ಲಿ ಬಂದ ಗೋಕಾಕ ವರದಿಗೂ ಅವನ ಊರಿಗೂ ಇರುವ ನಂಟು ಹೆಸರಿನಷ್ಟೇ, ಆ ವರದಿ ಬರೆದ ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ. ಊರಿನ ಹೆಸರು ಹೊತ್ತ ಅತ್ಯಂತ ಪ್ರಸಿದ್ಧ ನೀತಿಪತ್ರಕ್ಕೆ ಊರು ಹೊಣೆಯಲ್ಲ ಎಂಬುದೇ ನೀತಿಶಾಸ್ತ್ರದಲ್ಲಿ ಅವನು ಮಂಡಿಸುವ ಮೊದಲ ಪ್ರಬಂಧ.

ಕೋರ್ಸಿನ ರಚನೆ ಗೋಕಾಕದ ಕರದಂಟಿನ ಹಾಗಿದೆ: ಅರ್ಥಶಾಸ್ತ್ರ, ಕಾನೂನು, ರಾಜ್ಯಶಾಸ್ತ್ರ, ಸಂಖ್ಯಾಶಾಸ್ತ್ರ ಎಲ್ಲವೂ ತುಂಡುತುಂಡಾಗಿ ಕಾಣುತ್ತವೆ, ಎಲ್ಲವನ್ನೂ ಹಿಡಿದಿಡಲು ಬೆಲ್ಲದ ಪಾಕವೊಂದು ಬೇಕು, ಆ ಪಾಕದ ಕೆಲಸವನ್ನು ಇಲ್ಲಿ ಪವರ್‌ಪಾಯಿಂಟ್ ಮಾಡುತ್ತದೆ. ಎಲ್ಲ ಪತ್ರಿಕೆಗಳ ತಳದಲ್ಲಿರುವ ನಂಬಿಕೆ ಒಂದೇ. ಸಮಸ್ಯೆಯನ್ನು ಮೊದಲು ಅಳೆಯಬೇಕು, ಅಳೆದರೆ ತಿಳಿಯುತ್ತದೆ, ತಿಳಿದರೆ ಬಗೆಹರಿಯುತ್ತದೆ. ಹೇಗೆ ಅಳೆಯಬೇಕೆಂಬುದಕ್ಕೆ ಎರಡು ಪೂರ್ಣ ಪತ್ರಿಕೆಗಳಿದ್ದರೆ, ಅಳತೆಗೋಲು ಯಾರ ಕೈಯಲ್ಲಿರುತ್ತದೆ ಎಂಬುದಕ್ಕೆ ಇರುವುದು ಅಡಿಟಿಪ್ಪಣಿ. ಈ ಮೂರು ತಾಲ್ಲೂಕುಗಳ ಸಾರ್ವಜನಿಕ ಬದುಕೆಲ್ಲ ಆ ಅಡಿಟಿಪ್ಪಣಿಯಲ್ಲಿಯೇ ನಡೆದುಹೋಗುತ್ತಿದೆ.

ಕಬ್ಬಿನ ಉದಾಹರಣೆ ಇಲ್ಲಿ ಎಲ್ಲಕ್ಕಿಂತ ಮುಂದೆ ನಿಲ್ಲುತ್ತದೆ. 2025ರ ಅಕ್ಟೋಬರ್ ಕೊನೆಯಿಂದ ನವೆಂಬರ್ ಮೊದಲ ವಾರದವರೆಗೆ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ ಕಬ್ಬಿಗೆ 3,500 ರೂಪಾಯಿ ಬೇಕೆಂದು ರಸ್ತೆಯಲ್ಲಿ ಕೂತರು. ಕೊನೆಗೆ ಬೆಂಗಳೂರಿನಲ್ಲಿ ಸಭೆ ನಡೆದು 3,300 ಎಂದು ತೀರ್ಮಾನವಾಯಿತು. ಆ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ್ದ ನ್ಯಾಯಯುತ ಮತ್ತು ಲಾಭದಾಯಕ ಬೆಲೆ, ಅಂದರೆ ಎಲ್ಲರ ಬಾಯಲ್ಲಿರುವ ಎಫ್‌ಆರ್‌ಪಿ, ಕ್ವಿಂಟಲ್‌ಗೆ 355 ರೂಪಾಯಿ, ಟನ್ನಿಗೆ 3,550. ಸರ್ಕಾರ 3,550 ಕೊಡಿಸುತ್ತೇನೆನ್ನುವಾಗ ರೈತ 3,500 ಬೇಕೆಂದು ಬೀದಿಗಿಳಿಯುವುದೇಕೆ ಎಂದು, ಲ್ಯಾಪ್‌ಟಾಪ್ ಹಿಡಿದು ಕ್ಷೇತ್ರಕಾರ್ಯಕ್ಕೆ ಬಂದ ವಿದ್ಯಾರ್ಥಿಗೆ ಅನ್ನಿಸುವುದು ಸಹಜ. ರೈತರಿಗೆ ಗಣಿತ ಕಲಿಸುವ ಒಂದು ಶಿಬಿರವನ್ನು ಶಿಫಾರಸು ಮಾಡುವ ಮನಸ್ಸೂ ಅವನಿಗಾದೀತು. ಅವನಿಗೆ ಸಿಗುವ ಉತ್ತರ ಒಂದು ಕಪ್ ಚಹಾ ಮುಗಿಯುವುದರೊಳಗೆ ಮುಗಿಯುವಂಥದು: "ತಮ್ಮಾ, ನಿನ್ನ ಮೂರು ಸಾವಿರದ ಐದನೂರಾ ಐವತ್ತು ಕಬ್ಬು ಫ್ಯಾಕ್ಟರಿ ಗೇಟಿಗೆ ಮುಟ್ಟಿದ ಮ್ಯಾಲಿಂದು. ಕಡದ ಗ್ಯಾಂಗಿಂದು, ಟ್ರ್ಯಾಕ್ಟರಿಂದು ಅದರಾಗ ಮುರಕೋತಾರ. ನಾವ್ ಕೇಳೂದು ಕೈಗೆ ಬರೂ ರೊಕ್ಕ." ಪಠ್ಯದ ಭಾಷೆಯಲ್ಲಿ ಹೇಳುವುದಾದರೆ, ಕಟಾವು ಮತ್ತು ಸಾಗಾಣಿಕೆಯ ವೆಚ್ಚವನ್ನು ಒಳಗೊಂಡ ಬೆಲೆಗೂ ಅದನ್ನು ಕಳೆದು ಉಳಿಯುವ ಬೆಲೆಗೂ ಇರುವ ಅಂತರ ಇದು.

ಅಷ್ಟಕ್ಕೇ ಪಾಠ ಮುಗಿಯುವುದಿಲ್ಲ. 355 ರೂಪಾಯಿ ಎಂಬುದು ಇಳುವರಿ ಶೇ. 10.25 ಇರುವ ಕಬ್ಬಿನ ಬೆಲೆ. ಇಳುವರಿ ಎಂದರೆ ನೂರು ಕೆ.ಜಿ. ಕಬ್ಬು ಅರೆದರೆ ಬರುವ ಸಕ್ಕರೆಯ ಪ್ರಮಾಣ. ಅದು ಹೆಚ್ಚಿದರೆ ಬೆಲೆ ಹೆಚ್ಚು, ಕಡಿಮೆಯಾದರೆ ಕಡಿಮೆ. ನವೆಂಬರಿನ 3,300 ರೂಪಾಯಿಯ ಹಿಂದೆಯೂ ಶೇ. 11.25 ಎಂಬ ಇಳುವರಿಯ ಷರತ್ತು ಇತ್ತು. ಈ ಇಳುವರಿಯನ್ನು ಅಳೆಯುವುದು ಕಾರ್ಖಾನೆಯ ಪ್ರಯೋಗಾಲಯ. ಕಬ್ಬಿನ ತೂಕ ಮಾಡುವುದು ಕಾರ್ಖಾನೆಯ ಕಾಟಾ. ಕೊಳ್ಳುವವನೇ ತೂಗಿ, ಕೊಳ್ಳುವವನೇ ಗುಣ ನೋಡಿ, ಕೊಳ್ಳುವವನೇ ಚೀಟಿ ಬರೆದುಕೊಡುವ ಈ ಏರ್ಪಾಟಿಗೆ ಅರ್ಥಶಾಸ್ತ್ರದಲ್ಲಿ ಮಾಹಿತಿಯ ಅಸಮತೆ ಎಂದು ಹೆಸರು, ಅಂದರೆ ವ್ಯವಹಾರದ ಒಂದು ಪಕ್ಷಕ್ಕೆ ಗೊತ್ತಿರುವುದು ಇನ್ನೊಂದಕ್ಕೆ ಗೊತ್ತಿರದ ಸ್ಥಿತಿ. ಜಾರ್ಜ್ ಅಕರ್ಲಾಫ್ ಎಂಬ ವಿದ್ವಾಂಸರು 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಮುಂದಿಟ್ಟುಕೊಂಡು ಇದನ್ನು ವಿವರಿಸಿ 2001ರಲ್ಲಿ ನೊಬೆಲ್ ಪಡೆದರು. ಅವರ ಸಿದ್ಧಾಂತದಲ್ಲಿ ವಸ್ತುವಿನ ಗುಟ್ಟು ಗೊತ್ತಿರುವುದು ಮಾರುವವನಿಗೆ, ಮೋಸ ಹೋಗುವವನು ಕೊಳ್ಳುವವನು. ಡಬಲ್ ಟ್ರಾಲಿ ಟ್ರ್ಯಾಕ್ಟರಿನಲ್ಲಿ ಕಬ್ಬು ಹೇರಿಕೊಂಡು, ಕಾರ್ಖಾನೆಯ ಹೊರಗೆ ರಾತ್ರಿಯೆಲ್ಲ ಪಾಳಿ ಹಚ್ಚಿ, ಬಿಸಿಲಿಗೆ ಕಬ್ಬು ಒಣಗಿ ತೂಕ ಕಳೆದುಕೊಳ್ಳುವುದನ್ನು ಕಣ್ಣಾರೆ ಕಾಣುತ್ತ ಕೂತ ರೈತನಿಗೆ ಈ ಸಿದ್ಧಾಂತವನ್ನು ವಿವರಿಸಿದರೆ ಅವನು ತಿದ್ದುಪಡಿ ಸೂಚಿಸುವುದು ಖಂಡಿತ. ಇಲ್ಲಿ ಮಾರುವವನಿಗೇ ತನ್ನ ಮಾಲಿನ ಗುಣ ಗೊತ್ತಿಲ್ಲ, ಅದನ್ನು ಕೊಂಡವನು ಹೇಳಿದ ಮೇಲೆ ತಿಳಿದುಕೊಳ್ಳಬೇಕು. ಈ ತಿದ್ದುಪಡಿಗೂ ನೊಬೆಲ್ ಸಲ್ಲಬೇಕೆಂಬುದು ಈ ಪ್ರಬಂಧದ ಗಂಭೀರ ಅಭಿಪ್ರಾಯ, ಆದರೆ ಬಹುಮಾನದ ಮೊತ್ತದಲ್ಲಿ ಕಟಾವು ಮತ್ತು ಸಾಗಾಣಿಕೆಯನ್ನು ಮುರಿದುಕೊಳ್ಳಬಾರದು.

ಅಳೆಯುವವನೂ ಅಳೆಸಿಕೊಳ್ಳುವವನೂ ಒಬ್ಬನೇ ಆದರೆ ಈ ತಕರಾರು ತೀರುವುದಿಲ್ಲವೇ ಎಂದು ವಿದ್ಯಾರ್ಥಿ ಎರಡನೆಯ ಸೆಮಿಸ್ಟರಿನಲ್ಲಿ ಕೇಳುತ್ತಾನೆ. ಅದಕ್ಕೆ ಉತ್ತರ ಹುಡುಕಲು ಅವನು ಹುಕ್ಕೇರಿಗೆ ಹೋಗಬೇಕು. ಅಮೆರಿಕದ ಹಳ್ಳಿಗಳಿಗೆ 1930ರ ದಶಕದಲ್ಲಿ ವಿದ್ಯುತ್ ಮುಟ್ಟಿಸಿದ ಸಹಕಾರಿ ಸಂಘಗಳ ಮಾದರಿಯನ್ನು ಭಾರತದಲ್ಲಿ ಪ್ರಯೋಗಿಸಿ ನೋಡಲು 1960ರ ದಶಕದ ಕೊನೆಯಲ್ಲಿ ದೇಶದ ಐದು ಸ್ಥಳಗಳನ್ನು ಆರಿಸಲಾಯಿತು. ಆಗಿನ ಆಂಧ್ರದ ಸಿರಿಸಿಲ್ಲ, ಗುಜರಾತಿನ ಕೊಡಿನಾರ, ಮಹಾರಾಷ್ಟ್ರದ ಮುಳಾ-ಪ್ರವರಾ, ಉತ್ತರ ಪ್ರದೇಶದ ಲಖನೌ ಸೀಮೆ, ಕರ್ನಾಟಕದಿಂದ ಹುಕ್ಕೇರಿ. 1969ರಲ್ಲಿ ಹುಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಇಂದಿಗೂ ನಡೆದಿದೆ. ರಾಜ್ಯದಲ್ಲಿ ವಿದ್ಯುತ್ ಹಂಚುವ ಸಹಕಾರಿ ಸಂಘ ಅದೊಂದೇ. ಮುಳಾ-ಪ್ರವರಾದ ಪರವಾನಗಿ 2011ರಲ್ಲಿ ಹೋಯಿತು. ಬಳಕೆದಾರನೇ ಸದಸ್ಯ, ಸದಸ್ಯನೇ ಮಾಲೀಕ, ಮಾಲೀಕನೇ ಮತ ಹಾಕಿ ಆಡಳಿತ ಮಂಡಳಿಯನ್ನು ಆರಿಸುವವನು. ಯಜಮಾನನ ಹಿತ ಒಂದು, ಅವನ ಕೆಲಸ ಮಾಡುವವನ ಹಿತ ಇನ್ನೊಂದು ಆಗುವುದರಿಂದ ಹುಟ್ಟುವ ತೊಡಕಿನ ಬಗ್ಗೆ ಪಠ್ಯದಲ್ಲಿ ಒಂದು ದೊಡ್ಡ ಅಧ್ಯಾಯವೇ ಇದೆ. ಹುಕ್ಕೇರಿಯಲ್ಲಿ ಯಜಮಾನನೇ ಗಿರಾಕಿಯಾದ್ದರಿಂದ ಆ ತೊಡಕು ಕಾಗದದ ಮೇಲೆ ಮಾಯವಾಗಿದೆ.

ಕಾಗದದ ಹೊರಗೆ ಅದು ಬೇರೆ ವೇಷದಲ್ಲಿ ಬರುತ್ತದೆ. ಉಳಿದ ತಾಲ್ಲೂಕುಗಳಲ್ಲಿ ಕರೆಂಟು ಹೋದರೆ ಸರ್ಕಾರಿ ವಿದ್ಯುತ್ ಕಂಪನಿಯಾದ ಹೆಸ್ಕಾಮ್‌ಗೆ ಬೈಯುವ ಸೌಲಭ್ಯವಿದೆ. ಹುಕ್ಕೇರಿಯ ಬಳಕೆದಾರ ತತ್ತ್ವಶಃ ತನ್ನನ್ನೇ ಬೈದುಕೊಳ್ಳಬೇಕಾಗುತ್ತದೆ, ಇಲ್ಲವೇ ಸಂಘಕ್ಕೆ ವಿದ್ಯುತ್ ಮಾರುವ ಹೆಸ್ಕಾಮ್‌ನತ್ತ ಸುತ್ತುಬಳಸಿ ಬೈಗುಳ ಕಳಿಸಬೇಕಾಗುತ್ತದೆ. ದರವನ್ನು ಏರಿಸಬೇಕೆನ್ನುವ ಮಾಲೀಕ, ಇಳಿಸಬೇಕೆನ್ನುವ ಗಿರಾಕಿ ಒಂದೇ ಪಂಚೆಯೊಳಗಿದ್ದಾಗ ಜಗಳ ಬಿಡಿಸುವವರು ಬೆಂಗಳೂರಿನ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದವರು. ಇದಲ್ಲದೆ ರಾಜ್ಯದಲ್ಲಿ 10 ಎಚ್.ಪಿ.ವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತ. ಎಷ್ಟೋ ಪಂಪ್‌ಸೆಟ್‌ಗಳಿಗೆ ಮೀಟರೇ ಇಲ್ಲದ್ದರಿಂದ ಅವು ಕುಡಿದ ವಿದ್ಯುತ್ತನ್ನು ಅಂದಾಜಿನಲ್ಲಿ ಲೆಕ್ಕ ಹಾಕಿ, ಸರ್ಕಾರ ಅದರ ಹಣವನ್ನು ಸಹಾಯಧನವಾಗಿ ತುಂಬಿಕೊಡುತ್ತದೆ. ತಂತಿಯಲ್ಲಿ ಸೋರಿಹೋದದ್ದೆಷ್ಟು, ಬಾವಿಯಿಂದ ನೀರೆತ್ತಿದ್ದೆಷ್ಟು ಎಂದು ಹೇಳುವ ಮೀಟರು ಇಲ್ಲದಿರುವಾಗ ಅಂದಾಜು ಮಾಡುವವನ ಪೆನ್ಸಿಲೇ ಮೀಟರು. ಕಬ್ಬಿನಲ್ಲಿ ಅಳತೆ ಪರರ ಕೈಯಲ್ಲಿತ್ತು, ಇಲ್ಲಿ ಯಾರ ಕೈಯಲ್ಲೂ ಇಲ್ಲ. ಇದು ಎಲ್ಲರಿಗೂ ಅನುಕೂಲವಾಗಿರುವುದರಿಂದ ಗುರ್ಲಾಪುರದಂಥ ಧರಣಿ ಮೀಟರಿಗಾಗಿ ನಡೆಯುವ ಸಂಭವ ಕಡಿಮೆ.

ಕಾಲುವೆಯ ವಿಚಾರ ಬೇಗ ಮುಗಿಯುತ್ತದೆ. 51 ಟಿಎಂಸಿ ನೀರು ಹಿಡಿಯುವ ಹಿಡಕಲ್ ಅಣೆಕಟ್ಟು ಇರುವುದು ಹುಕ್ಕೇರಿ ತಾಲ್ಲೂಕಿನಲ್ಲಿ, ನೀರಿಗಾಗಿ ಕಾಯುವ ಹೊಲಗಳು ಕೆಳಗಿನ ತಾಲ್ಲೂಕುಗಳಲ್ಲಿ. ಹಂಚಿಕೊಂಡು ಬಳಸುವ ಸಂಪತ್ತನ್ನು ಊರವರೇ ಕಟ್ಟುಪಾಡು ಮಾಡಿಕೊಂಡು ಕಾಪಾಡಬಲ್ಲರು ಎಂದು ತೋರಿಸಿ ಎಲಿನರ್ ಆಸ್ಟ್ರಮ್ ಎಂಬ ವಿದುಷಿ 2009ರಲ್ಲಿ ನೊಬೆಲ್ ಪಡೆದರು. ಕಾಲುವೆಯ ಕೊನೆಯಂಚಿನ ರೈತ ಈ ಮಾತನ್ನು ಪೂರ್ತಿ ಒಪ್ಪುತ್ತಾನೆ, ಒಪ್ಪಿ ರಾತ್ರಿ ಬ್ಯಾಟರಿ ಹಿಡಿದು ಮೇಲಿನವನ ತೂಬು ನೋಡಿಬರಲು ಹೋಗುತ್ತಾನೆ.

2019ರ ಆಗಸ್ಟಿನಲ್ಲಿ ಘಟಪ್ರಭೆ, ಮಾರ್ಕಂಡೇಯ ನದಿಗಳೆರಡೂ ಉಕ್ಕಿ ಗೋಕಾಕ ಪಟ್ಟಣದೊಳಕ್ಕೆ ನೀರು ನುಗ್ಗಿದಾಗ ಪಠ್ಯದ ಇನ್ನೊಂದು ಅಧ್ಯಾಯ ತೆರೆಯಿತು. ಮೈಕೆಲ್ ಲಿಪ್ಸ್ಕಿ ಎಂಬ ರಾಜ್ಯಶಾಸ್ತ್ರಜ್ಞರು 1980ರಲ್ಲಿ ಬರೆದ ಪುಸ್ತಕದ ಸಾರವೇನೆಂದರೆ, ನೀತಿ ಎನ್ನುವುದು ರಾಜಧಾನಿಯ ಆದೇಶದಲ್ಲಿ ಇರುವುದಿಲ್ಲ, ಜನರ ಎದುರಿಗೆ ನಿಂತು ಕಾಗದ ತುಂಬುವ ಕೆಳಹಂತದ ನೌಕರನ ತೀರ್ಮಾನದಲ್ಲಿ ಇರುತ್ತದೆ. ಪ್ರವಾಹದಲ್ಲಿ ಹಾನಿಯಾದ ಮನೆಗಳನ್ನು ಆಗ ಎ, ಬಿ, ಸಿ ಎಂದು ಮೂರು ವರ್ಗ ಮಾಡಲಾಯಿತು. ಪೂರ್ತಿ ಬಿದ್ದ ಎ ವರ್ಗದ ಮನೆಗೆ 5 ಲಕ್ಷ ರೂಪಾಯಿ, ಅಲ್ಪ ಹಾನಿಯ ಸಿ ವರ್ಗಕ್ಕೆ 50 ಸಾವಿರ. ಮಣ್ಣಿನ ಗೋಡೆಗೆ ಒಂದು ದುರಭ್ಯಾಸವಿದೆ: ನೀರು ನಿಂತಿರುವಷ್ಟು ದಿನ ತಾನೂ ನಿಂತಿರುತ್ತದೆ, ನೀರು ಇಳಿದು ಬಿಸಿಲು ಬಿದ್ದು ಒಣಗತೊಡಗಿದ ಮೇಲೆ ನಿಧಾನವಾಗಿ ಬಿರುಕು ಬಿಟ್ಟು ಕೂತುಬಿಡುತ್ತದೆ. ಸರ್ವೆಗೆ ಬಂದವರು ಬೆಳಿಗ್ಗೆ ನೋಡಿ ಸಿ ಎಂದು ಬರೆದುಕೊಂಡು ಹೋದ ಮನೆ ಸಂಜೆಗೆ ಎ ಆಗಬಲ್ಲದು, ಆದರೆ ರಜಿಸ್ಟರಿನಲ್ಲಿ ಸಿ ಆಗಿಯೇ ನಿಂತಿರುತ್ತದೆ. ಅಕ್ಷರಮಾಲೆಯ ಮೂರು ಅಕ್ಷರಗಳ ನಡುವೆ ನಾಲ್ಕೂವರೆ ಲಕ್ಷ ರೂಪಾಯಿಯ ಅಂತರವಿದೆ ಎಂಬುದನ್ನು ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯರೂ ಹೀಗೆ ಕಲಿತರು. ವಯಸ್ಕರ ಶಿಕ್ಷಣದ ಯಾವ ಯೋಜನೆಗೂ ಇಷ್ಟು ಶೀಘ್ರ ಫಲ ಸಿಕ್ಕಿರಲಾರದು.

ನೀತಿಯ ಬೇಡಿಕೆಗಳು ಎಂದು ಈಡೇರುತ್ತವೆ ಎಂಬುದಕ್ಕೂ ಒಂದು ಸಿದ್ಧಾಂತವಿದೆ. ಸಮಸ್ಯೆ, ಪರಿಹಾರ, ರಾಜಕೀಯ ಎಂಬ ಮೂರು ಹರಿವುಗಳು ಒಂದೆಡೆ ಕೂಡಿದಾಗ ಒಂದು ಕಿಟಕಿ ತೆರೆಯುತ್ತದೆ, ಸ್ವಲ್ಪ ಹೊತ್ತಿನಲ್ಲೇ ಮುಚ್ಚುತ್ತದೆ ಎಂದು ಜಾನ್ ಕಿಂಗ್ಡನ್ ಬರೆದರು. 2017ರ ರಾಜ್ಯ ಆಯವ್ಯಯದಲ್ಲಿ 49 ಹೊಸ ತಾಲ್ಲೂಕುಗಳು ಘೋಷಣೆಯಾದ ಕಾಲದಲ್ಲಿ ಇಂಥ ಕಿಟಕಿಯಿಂದ ಮೂಡಲಗಿ ಗೋಕಾಕದ ಮಗ್ಗುಲಿನಿಂದ ಎದ್ದು ಬೇರೆ ತಾಲ್ಲೂಕಾಗಿ ಹೊರಬಂತು. ಗೋಕಾಕ ಜಿಲ್ಲೆಯಾಗಬೇಕೆಂಬ ಬೇಡಿಕೆಗೆ ಆ ಭಾಗ್ಯ ಒದಗಿಲ್ಲ. 1997ರಲ್ಲಿ ಜೆ.ಎಚ್. ಪಟೇಲರ ಕಾಲದಲ್ಲಿ ರಾಜ್ಯಕ್ಕೆ ಏಳು ಹೊಸ ಜಿಲ್ಲೆಗಳು ಬಂದವು, 18 ವಿಧಾನಸಭಾ ಕ್ಷೇತ್ರಗಳ ಬೆಳಗಾವಿ ಮಾತ್ರ ಒಡೆಯದೆ ಉಳಿಯಿತು. ಒಡೆದರೆ ಜಿಲ್ಲಾ ಕೇಂದ್ರ ಚಿಕ್ಕೋಡಿಯಾಗಬೇಕೋ ಗೋಕಾಕವಾಗಬೇಕೋ ಎಂಬ ವಾದವೂ ಹಾಗೆಯೇ ಉಳಿಯಿತು. ಈಗ ಈ ಬೇಡಿಕೆಯ ಕಿಟಕಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆಯುವಷ್ಟು ದಿನ ತೆರೆದಿರುತ್ತದೆ, ಶಾಸಕರು ಬೆಂಗಳೂರಿನ ಬಸ್ಸು ಹತ್ತುವಾಗ ಚಳಿ ಗಾಳಿ ಒಳಬಾರದಂತೆ ಮುಚ್ಚಿಕೊಳ್ಳುತ್ತದೆ. ಹುಕ್ಕೇರಿ ಮಾತ್ರ ಯಾವ ಜಿಲ್ಲೆಗೆ ಸೇರಿದರೂ ಅಣೆಕಟ್ಟು ತನ್ನ ಬಳಿಯೇ ಇರುತ್ತದೆಂಬ ಧೈರ್ಯದಲ್ಲಿ ಈ ವಾದವನ್ನು ದೂರದಿಂದ ನೋಡುತ್ತಿರುತ್ತದೆ.

ಇಷ್ಟನ್ನೂ ಇಂಗ್ಲಿಷಿನಲ್ಲಿ ಬರೆದು, ನಕ್ಷೆ ಹಾಕಿ, ಕೊನೆಗೆ ಇನ್ನಷ್ಟು ಅಧ್ಯಯನ ಅಗತ್ಯ ಎಂಬ ವಾಕ್ಯ ಸೇರಿಸಿ ಪದವಿ ಪಡೆದ ವಿದ್ಯಾರ್ಥಿ ಊರಿಗೆ ಮರಳಿದಾಗ ಮನೆಯವರು ಕೇಳುವ ಪ್ರಶ್ನೆ ಇದರಿಂದ ಕೆಎಎಸ್ ಆಗುತ್ತದೆಯೇ ಎಂಬುದು. ಆಗುವುದಿಲ್ಲ, ಅದಕ್ಕೆ ಧಾರವಾಡಕ್ಕೆ ಹೋಗಿ ಬೇರೆಯೇ ಓದಬೇಕು ಎಂದು ತಿಳಿದಾಗ ನೀತಿಶಾಸ್ತ್ರಜ್ಞನ ಮೇಲಿನ ಗೌರವ ಸ್ವಲ್ಪ ಇಳಿಯುತ್ತದೆ. ಆದರೂ ಓದಿದವನೆಂಬ ಕಾರಣಕ್ಕೆ ಹೊಲದ ಉತಾರದಲ್ಲಿ ತಪ್ಪಾಗಿ ಬಿದ್ದ ಅಜ್ಜನ ಹೆಸರನ್ನು ಸರಿಪಡಿಸುವ ಕೆಲಸ ಅವನ ಪಾಲಿಗೇ ಬರುತ್ತದೆ. ಸಕಾಲ ಕಾಯ್ದೆ, ಅಂದರೆ ಸರ್ಕಾರಿ ಸೇವೆಗಳನ್ನು ಗೊತ್ತಾದ ದಿನಗಳೊಳಗೆ ಕೊಡಲೇಬೇಕೆಂದು 2011ರಲ್ಲಿ ಆದ ಕಾನೂನು, ಅರ್ಜಿದಾರನಿಗೆ ಹದಿನೈದು ಅಂಕಿಗಳ ಒಂದು ಸಂಖ್ಯೆ ಕೊಡುತ್ತದೆ ಎಂಬುದು ಅವನಿಗೆ ಬಾಯಿಪಾಠವಾಗಿರುತ್ತದೆ, ಅದರ ಮೇಲೆ ಒಂದು ಅಸೈನ್‌ಮೆಂಟೂ ಬರೆದಿರುತ್ತಾನೆ. ನಾಡಕಚೇರಿಯ ಕಿಟಕಿಯ ಮುಂದೆ ಪಾಳಿಯಲ್ಲಿ ನಿಂತು ಪೆನ್ನು ತೆಗೆದು ಅರ್ಜಿ ತುಂಬತೊಡಗಿದಾಗ ಹಿಂದೆ ನಿಂತ ಹಿರಿಯರು ಅವನ ಅಕ್ಷರವನ್ನು ಬಗ್ಗಿ ನೋಡುತ್ತಾರೆ. "ಚೊಲೋ ಬರೀತಿ ತಮ್ಮಾ, ನಂದೂ ಒಂದ್ ಬರದ ಕೊಡು," ಎನ್ನುತ್ತಾರೆ. ಅವರ ಹಿಂದಿನವರು ಆಗಲೇ ಆಧಾರ್ ಕಾರ್ಡ್ ಕೈಗೆ ತಗೊಂಡಿರುತ್ತಾರೆ, ಅವರ ಹಿಂದಿನವರು ಬಿಳಿ ಹಾಳೆ ತರಲು ಹುಡುಗನನ್ನು ಅಂಗಡಿಗೆ ಕಳಿಸಿರುತ್ತಾರೆ.