ನಿರಾಹಾರಿಯ ಪ್ರತಿವಾದ

ವಿಜಯವಾಡದ ಮಗ್ಗುಲಲ್ಲಿರುವ ಗೊಲ್ಲಪೂಡಿಯ ಸಗಟು ಪೇಟೆಯಲ್ಲಿ, ಆಂಧ್ರರ ಪ್ರಾತಃಕಾಲದ ಪೆಸರಟ್ಟಿಗೆ ಆಧಾರವಾದ ಹೆಸರುಕಾಳಿನ ಮೂಟೆಗಳನ್ನು ಒಟ್ಟಿದ್ದ ಮಳಿಗೆಯೊಂದರ ಕತ್ತಲ ಮೂಲೆಯಲ್ಲಿ, ಗೋಣಿಯ ಹೊಲಿಗೆಯ ಸಂದಿನಿಂದ ಹೊರಬಂದು ಕುಳಿತಿದ್ದ, ಎಳ್ಳಿಗಿಂತ ತುಸುವೇ ದೊಡ್ಡವರಾದ ಕಂದುಬಣ್ಣದ ಕಾಳಿನ ದುಂಬಿಯೊಬ್ಬರು ಸಂದರ್ಶನಕ್ಕೆ ಅನುಮತಿಯಿತ್ತರು. 1775ರಲ್ಲಿ ಡೆನ್ಮಾರ್ಕಿನ ಫ್ಯಾಬ್ರೀಷಿಯಸ್ ಮಹಾಶಯನು ತಮ್ಮ ಕುಲಕ್ಕೆ ಶಾಸ್ತ್ರೋಕ್ತವಾಗಿ ನಾಮಕರಣ ಮಾಡಿದನೆಂಬ ಅಭಿಮಾನವು ಆ ಮಹಿಳೆಯ ಕುಡಿಮೀಸೆಗಳ ಚಲನದಲ್ಲಿಯೇ ವ್ಯಕ್ತವಾಗುತ್ತಿತ್ತು.

ಪ್ರ: ತಾವು ಕಾಳುಗಳನ್ನು ತಿಂದು ಪೊಳ್ಳು ಮಾಡುವಿರೆಂದು ಲೋಕದ ಆಕ್ಷೇಪಣೆಯಿದೆ.

ಉ: ಮಿಥ್ಯಾಪವಾದ! ಪ್ರಾಪ್ತವಯಸ್ಕಳಾದಂದಿನಿಂದ ನಾನು ಒಂದು ಕಾಳನ್ನಾದರೂ ತಿಂದವಳಲ್ಲ. ಹೊರಬಂದ ಮೇಲೆ ಉಳಿಯುವ ಒಂದೆರಡು ವಾರಗಳ ಆಯುಸ್ಸನ್ನು ಅನ್ನಾಹಾರಗಳ ಹಂಗಿಲ್ಲದೆ ಕಳೆಯುವ ತಪಸ್ವಿನಿಯನ್ನು ಕಳ್ಳಿಯೆಂದು ಕರೆಯುವುದು ಯಾವ ನ್ಯಾಯ? ಕಾಳಿನ ಮೇಲೆ ಅಂಟಿಸಿದ ಮೊಟ್ಟೆಯೊಡೆದು, ಸಿಪ್ಪೆಯನ್ನು ಕೊರೆದು ಒಳಹೊಕ್ಕು, ಅಲ್ಲಿಯೇ ಬೆಳೆದು, ಅಲ್ಲಿಯೇ ಕೋಶಾವಸ್ಥೆಯನ್ನು ಕಳೆದು, ಗುಂಡನೆಯ ಬಾಗಿಲು ತೆರೆದು ಹೊರಡುವವರೆಗಿನ ಒಂದು ತಿಂಗಳ ಸುಮಾರಿನಲ್ಲಿ ಏನಾದರೂ ತಿಂದಿದ್ದರೆ ಅದು ಬಾಲ್ಯದ ಕೃತ್ಯ. ನಿಮ್ಮ ಕಾನೂನಿನಲ್ಲಿಯೂ ಬಾಲಾಪರಾಧಿಗಳಿಗೆ ವಿನಾಯಿತಿಯುಂಟಷ್ಟೆ.

(ಈ ವಾದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ತಿಂದವನು ಒಳಗಿರುವಾಗ ಯಾರ ಕಣ್ಣಿಗೂ ಬೀಳದೆ, ತಿಂದು ಮುಗಿಸಿ ಉಪವಾಸವ್ರತ ಹಿಡಿದು ಹೊರಬಂದ ಮೇಲೆ ವಿಚಾರಣೆಗೆ ಸಿಕ್ಕುವ ಈ ಕ್ರಮವು ನಮ್ಮ ಸಾರ್ವಜನಿಕ ಆಯೋಗಗಳಿಗೂ ಪರಿಚಿತವಾದದ್ದೇ.)

ಪ್ರ: ತಮ್ಮ ಜನನವು ಈ ಮಳಿಗೆಯಲ್ಲಿಯೇ ಆಯಿತೆ?

ಉ: ನಾನು ಇಲ್ಲಿಯವಳೇ. ಮೂಲಸ್ಥಾನವು ಮಾತ್ರ ಕೃಷ್ಣೆಯ ಮುಖಜಭೂಮಿ. ಅಲ್ಲಿಯ ರೈತನು ಭತ್ತದ ಕೊಯ್ಲಿಗೆ ಎರಡು ಮೂರು ದಿನಗಳಿರುವಾಗ, ನಿಂತ ಪೈರಿನ ನಡುವೆಯೇ ಉದ್ದು ಹೆಸರುಗಳ ಬೀಜವನ್ನು ಚೆಲ್ಲಿ, ಉಳುಮೆಯಿಲ್ಲದೆ, ನೀರಿಲ್ಲದೆ, ಗದ್ದೆಯಲ್ಲಿ ಉಳಿದ ತೇವವೊಂದನ್ನೇ ನಂಬಿ ಬೆಳೆ ತೆಗೆಯುತ್ತಾನೆ. ಕಾಯಿ ಬಲಿಯುವ ಕಾಲಕ್ಕೆ ನನ್ನ ಅಜ್ಜಿಯು ಹೊಲಕ್ಕೇ ಹಾರಿಹೋಗಿ ಕಾಯಿಗಳ ಮೇಲೆ ಮೊಟ್ಟೆಯಿಟ್ಟಳು; ಮುಂದಿನ ಪ್ರಯಾಣವೆಲ್ಲ ರೈತನ ಬಂಡಿಯಲ್ಲಿ, ವರ್ತಕನ ಲಾರಿಯಲ್ಲಿ, ಅವರದೇ ಖರ್ಚಿನಲ್ಲಿ. ನೂರರ ಸುಮಾರಿಗೆ ಮೊಟ್ಟೆಯಿಡುವ ಕುಟುಂಬಕ್ಕೆ ಇಷ್ಟು ಸೌಕರ್ಯವನ್ನು ಬೇರೆ ಯಾರು ಒದಗಿಸಿಯಾರು?

ಪ್ರ: ಹೊಲದಲ್ಲಿ ತಮ್ಮ ಬಂಧುಗಳೂ ಇರುವರಲ್ಲವೆ?

ಉ: ಬಂಧುಗಳೆನ್ನಬೇಡಿ; ಅವರೆಲ್ಲ ಆಡಂಬರದ ಜನ. ಹಸಿರು ಕಾಯಿಕೊರಕನು ತಲೆಯನ್ನು ಕಾಯೊಳಗಿಟ್ಟು ದೇಹವನ್ನೆಲ್ಲ ಹೊರಗೆ ಬಿಟ್ಟುಕೊಂಡು ಉಣ್ಣುತ್ತಾನೆ. ಅಂಥ ಅವಿವೇಕಿಯನ್ನು ಹಕ್ಕಿಗಳು ಬಿಟ್ಟಾವೆಯೇ? ಬಿಳಿನೊಣವೋ, ಒಂದು ಗಿಡದ ರಸ ಹೀರಿ ಇನ್ನೊಂದಕ್ಕೆ ಹಳದಿ ನಂಜನ್ನು ಹಂಚುವ ಚಾಡಿಕೋರ. ಅವನ ಉಪಟಳಕ್ಕಾಗಿಯೇ ಗುಂಟೂರಿನ ಬಳಿಯ ಲಾಮ್ ಕೇಂದ್ರದವರು ಆ ನಂಜನ್ನು ತಾಳಿಕೊಳ್ಳುವ ಉದ್ದಿನ ತಳಿಗಳನ್ನು ಸಾಧಿಸಬೇಕಾಯಿತು. ಒಂದಿಷ್ಟು ಬುದ್ಧಿಯಿರುವವನು ಚುಕ್ಕೆ ಕಾಯಿಕೊರಕ. ಮೊಗ್ಗು, ಹೂ, ಎಳೆಗಾಯಿಗಳನ್ನು ನೂಲಿನಿಂದ ಒಂದಾಗಿ ಹೆಣೆದು ಒಳಗೆ ಕುಳಿತುಬಿಡುತ್ತಾನೆ. ಆಮೇಲೆ ನೀವು ಹೊಡೆಯುವ ಔಷಧವು ಅವನ ಮನೆಯ ಮಾಡನ್ನು ತೋಯಿಸುತ್ತದೆಯೇ ಹೊರತು ಅವನನ್ನಲ್ಲ.

ಪ್ರ: ಆದರೂ ಔಷಧ ಹೊಡೆಯುತ್ತಲೇ ಇದ್ದಾರಲ್ಲ?

ಉ: ಹೊಡೆಯಲಿ, ಅಂಗಡಿಯವನ ಮಕ್ಕಳೂ ಬದುಕಬೇಡವೆ! ಮೊಗ್ಗು ಮೂಡುವಾಗಲೇ ಹೊಲಕ್ಕಿಳಿದು ಗಿಡವನ್ನು ಬಗ್ಗಿಸಿ ಮೊಟ್ಟೆ ಮರಿಗಳನ್ನು ಹುಡುಕುವುದು, ಹಕ್ಕಿ ಕೂರಲು ಕೋಲು ನೆಡುವುದು, ಪತಂಗಗಳನ್ನು ಎಣಿಸಲು ಮೋಹಕ ಬಲೆ ಕಟ್ಟುವುದು, ನೂರಕ್ಕೆ ಐದು ಪಾಲಿನ ಬೇವಿನ ಬೀಜದ ಕಷಾಯವನ್ನು ಸಕಾಲದಲ್ಲಿ ಸಿಂಪಡಿಸುವುದು, ಇವೆಲ್ಲ ಬೆನ್ನು ಬಗ್ಗಿಸುವ ಕೆಲಸ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವುದು ಸುಲಭ. 1987ರ ಹತ್ತಿಯ ಹಂಗಾಮಿನಲ್ಲಿ ಇದೇ ಆಂಧ್ರದ ಕರಾವಳಿಯಲ್ಲಿ ಹಸಿರು ಕಾಯಿಕೊರಕನು ಪೈರಿಥ್ರಾಯ್ಡ್ ವಿಷಗಳನ್ನು ಜೀರ್ಣಿಸಿಕೊಂಡು ನಿಂತನು. ಸಾಲ ಮಾಡಿ ಆ ವಿಷ ಕೊಂಡ ರೈತನಿಗೆ ಮಾತ್ರ ಅದು ಜೀರ್ಣವಾಗಲಿಲ್ಲ.

(ಈ ಮಾತನ್ನಾಡುವಾಗ ಆಕೆಯ ಧ್ವನಿಯಲ್ಲಿ ಹಾಸ್ಯವಿರಲಿಲ್ಲ, ನಾನೂ ಮುಂದಕ್ಕೆ ಕೆದಕಲಿಲ್ಲ.)

ಪ್ರ: ವಿಶಾಖಪಟ್ಟಣದ ಕಡೆಗೆ ದಯಮಾಡಿಸಿದ್ದುಂಟೆ?

ಉ: ಆ ಮಾತೆತ್ತಬೇಡಿ. 2022ರವರೆಗೆ ವಿಶಾಖಪಟ್ಟಣ ಜಿಲ್ಲೆಯಲ್ಲಿದ್ದು ಈಗ ಅಲ್ಲೂರಿ ಸೀತಾರಾಮರಾಜುವಿನ ಹೆಸರಿನ ಜಿಲ್ಲೆಗೆ ಸೇರಿರುವ ಚಿಂತಪಲ್ಲಿಯ ಗುಡ್ಡಗಳಲ್ಲಿ ಗಿರಿಜನರು ರಾಜ್ಮಾ ಬೆಳೆಯುತ್ತಾರೆ. ನಮ್ಮವರು ಆ ಕಾಳಿನ ಗಾತ್ರವನ್ನು ನೋಡಿ, ಅರಮನೆಯೇ ದೊರಕಿತೆಂದು ಮೊಟ್ಟೆಯಿಟ್ಟರೆ, ಒಳಹೊಕ್ಕ ಮಕ್ಕಳು ಅಜೀರ್ಣದಿಂದ ಸತ್ತುವು. ಪಿಷ್ಟವನ್ನು ಕರಗಿಸುವ ನಮ್ಮ ಜಠರರಸವನ್ನೇ ಕಟ್ಟಿಹಾಕುವ ಸಸಾರಜನಕವೊಂದನ್ನು ಆ ದುಷ್ಟಗಿಡವು ಕಾಳಿನಲ್ಲಿ ತುಂಬಿಟ್ಟಿದೆ. ಆಸ್ಟ್ರೇಲಿಯದ ವಿಜ್ಞಾನಿಗಳು ಆ ಗುಣವನ್ನು ಬಟಾಣಿಗೆ ಸೇರಿಸಿ ಅಲ್ಲಿಯ ದುಂಬಿಗಳನ್ನು ಗೆದ್ದರು. ಆದರೆ ಆ ಬಟಾಣಿಯನ್ನು ತಿನ್ನಿಸಿದ ಇಲಿಗಳ ದೇಹವು ಒಗ್ಗದೆ ಪ್ರತಿಭಟಿಸಿದ್ದರಿಂದ 2005ರಲ್ಲಿ ಕೆಲಸವನ್ನೇ ಕೈಬಿಟ್ಟರು. ಇಲಿಗಳಿಂದಲೂ ಉಪಕಾರವಾಗುವುದುಂಟು.

ಪ್ರ: ಹಾಗಾದರೆ ತಮಗೆ ಭಯವೆಂಬುದು ರಾಜ್ಮಾ ಒಂದೇ?

ಉ: ಗುಟ್ಟು ಕೇಳುತ್ತೀರಿ. ಮಳಿಗೆಯಲ್ಲಿ ಟಾರ್ಪಾಲು ಹೊದಿಸಿ ಹೊಗೆಗುಳಿಗೆ ಇಟ್ಟಾಗ, ಹರುಕಿನ ಸಂದಿನಿಂದ ಅರ್ಧ ಹೊಗೆ ಬೀದಿಗೆ ಹೋಗುತ್ತದೆ. ಅದಕ್ಕೆ ನಾವು ಅಷ್ಟಾಗಿ ಅಂಜುವುದಿಲ್ಲ. ಅಂಜುವುದು ಮುದುಕಿಯರಿಗೆ. ಕಾಳನ್ನು ಹಲ್ಲಿಗೆ ಹಾಕಿದರೆ ಕಟ್ಟೆನ್ನುವವರೆಗೆ ಬಿಸಿಲಿಗೆ ಹರವಿ, ಕಿಲೋ ಒಂದಕ್ಕೆ ಒಂದು ಚಮಚೆಯಷ್ಟು ಎಣ್ಣೆ ಸವರಿ, ಡಬ್ಬಿಯಲ್ಲಿ ತುಂಬಿ, ಮೇಲೆ ಎರಡು ಬೆರಳು ಒಣಮರಳು ಹಾಸಿ ಮುಚ್ಚಿಡುವ ಆ ಹೆಂಗಸರ ಮನೆಯಲ್ಲಿ, ಮೊಟ್ಟೆಗೆ ಉಸಿರಿಲ್ಲ, ನಮಗೆ ದಾರಿಯಿಲ್ಲ. ಕರ್ನಾಟಕದಲ್ಲಿ ತೊಗರಿಗೆ ಕೆಮ್ಮಣ್ಣು ಬಳಿದಿಡುವವರೂ ಇದೇ ಪಂಗಡ. ಪುಣ್ಯವಶಾತ್ ಈಗಿನವರಿಗೆ ಪುರುಸೊತ್ತಿಲ್ಲ. ಅದಿರಲಿ, ತಮ್ಮ ಕೈಚೀಲದಲ್ಲಿ ಏನಿದೆ?

ಹೆಸರು, ಎಂದೆನು. ಆಕೆ ಆದರದಿಂದ ಎರಡು ಹೆಜ್ಜೆ ಮುಂದಕ್ಕೆ ಬಂದು, ನಮ್ಮ ಮನೆ ಯಾವ ಬೀದಿಯಲ್ಲಿದೆ, ಡಬ್ಬಿಯ ಮುಚ್ಚಳ ಸಡಿಲವೇ ಬಿಗಿಯೇ, ಮನೆಯಲ್ಲಿ ಹಿರಿಯರು ಇರುವರೇ ಎಂದು ಕ್ಷೇಮಸಮಾಚಾರವನ್ನು ವಿಚಾರಿಸತೊಡಗಿದರು. ಕಾಳಲ್ಲ, ಒಡೆದ ಬೇಳೆ, ಎಂದು ತಿದ್ದಿದೊಡನೆ, ಒಡೆದ ಬೇಳೆಯ ಮೇಲೆ ಮೊಟ್ಟೆಯಿಡುವಷ್ಟು ದರಿದ್ರವು ತಮ್ಮ ಮನೆತನಕ್ಕೆ ಇನ್ನೂ ಬಂದಿಲ್ಲವೆಂದು ಹೇಳಿ, ಸಂದರ್ಶನದ ಕಾಲಾವಧಿ ಮುಗಿಯಿತೆಂದು ಸೂಚಿಸಿ, ಪಕ್ಕದ ಮೂಟೆಯತ್ತ ತಿರುಗಿಕೊಂಡರು.