ಪರದೆ ನೋಡಿ ಸೂಜಿ ಚುಚ್ಚುವ ಡಾಕ್ಟರರಿಗೆ ಬಳಕೆಯ ಕೈಪಿಡಿ

ಪೆಟ್ಟಿಗೆ ಒಡೆದ ಕೂಡಲೇ: ಪ್ರೋಬ್, ಜೆಲ್, ಸೂಜಿ, ಗೈಡ್‌ವೈರ್, ಕೊಳವೆ ಎಲ್ಲ ಇವೆಯೇ ಎಣಿಸಿಕೊಳ್ಳಿ. ಪಳಗಿದ ಕೈ ಇದರ ಜೊತೆ ಬರುವುದಿಲ್ಲ. ರೋಗಿಯ ರಕ್ತ ಸರಿಯಾಗಿ ಹೆಪ್ಪುಗಟ್ಟುತ್ತದೆಯೇ, ರಿಪೋರ್ಟ್ ಓದಿ. ತಿರುವಿ ಸಹಿ ಹಾಕುವುದಲ್ಲ, ಓದಿ.

ಜೋಡಣೆ: ಎಡಗೈಗೆ ಪ್ರೋಬ್, ಬಲಗೈಗೆ ಸೂಜಿ, ಕಣ್ಣು ಮಾತ್ರ ಸ್ಕ್ರೀನಿಗೆ. ಅಲ್ಟ್ರಾಸೌಂಡ್ ತೋರಿಸುವುದು ಹಾಳೆಯಷ್ಟು ತೆಳ್ಳಗಿನ ಒಂದು ಸೀಳನ್ನು. ಸೂಜಿ ಅದರಿಂದ ಕೊಂಚ ಓರೆಯಾದರೂ ಮಾಯ. ಮಾಯವಾದರೆ ಪುಣ್ಯ, ನಡುಭಾಗವಷ್ಟೇ ಬಿಳಿ ಚುಕ್ಕೆಯಾಗಿ ಹೊಳೆದರೆ ಹೊಸಬರು ಅದನ್ನೇ ಮೊನೆ ಎಂದುಕೊಳ್ಳುತ್ತಾರೆ. ನಿಜವಾದ ಮೊನೆ ಅಷ್ಟರಲ್ಲಿ ಯಾರ ಅಪ್ಪಣೆಯೂ ಇಲ್ಲದೆ ಇನ್ನೂ ಆಳಕ್ಕೆ ಇಳಿದಿರುತ್ತದೆ. ಆಗ ಸೂಜಿಯ ಕೈ ನಿಲ್ಲಲಿ, ಪ್ರೋಬಿನ ಕೈ ಹುಡುಕಲಿ. ‘ಸ್ವಲ್ಪ ತಳ್ಳಿ ನೋಡೋಣ’ ಎಂಬ ಗುಂಡಿ ಈ ಯಂತ್ರದಲ್ಲಿಲ್ಲ.

ತಂತಿ: ಸೂಜಿಯೊಳಗೆ ತಂತಿ ತೂರಿಸಿ, ಸೂಜಿ ಹೊರತೆಗೆದು, ತಂತಿಯ ಮೇಲೆ ಕೊಳವೆ ಜಾರಿಸುವ ಉಪಾಯವನ್ನು ಸ್ವೀಡನ್ನಿನ ಸೆಲ್ಡಿಂಗರ್ 1953ರಲ್ಲಿ ಪ್ರಕಟಿಸಿದರು. ತಂತಿಯ ಬಾಲ ಸದಾ ಬೆರಳಲ್ಲಿರಬೇಕು. ಬಾವಿಗೆ ಕೊಡ ಇಳಿಸಿ ಹಗ್ಗ ಕೈಬಿಡುವವರುಂಟೆ? ಉಂಟು. ಆಮೇಲೆ ಇನ್ನೊಬ್ಬ ಡಾಕ್ಟರು ಪಾತಾಳಗರಡಿ ಹಿಡಿದು ಬರಬೇಕಾಗುತ್ತದೆ. ರಕ್ತನಾಳಕ್ಕೆ ಇಳಿಸುವ ಪಾತಾಳಗರಡಿಗೆ ಸ್ನೇರ್ ಎಂದು ಹೆಸರು.

ಪೆಡಲ್: ಕ್ಯಾಥ್‌ಲ್ಯಾಬಿನಲ್ಲಿ ಕಾಲು ಒತ್ತಿದಷ್ಟು ಹೊತ್ತೂ ಎಕ್ಸ್‌ರೇ ಸುರಿಯುತ್ತದೆ. ಇದು ಹೊಲಿಗೆ ಯಂತ್ರವಲ್ಲ. ಸ್ಕ್ರೀನ್ ನೋಡದೆ ನರ್ಸಮ್ಮನ ಜೊತೆ ಮಾತಾಡುವಾಗ ಕಾಲು ಎತ್ತಿ. ಕೊನೆಯ ಚಿತ್ರ ಅಲ್ಲೇ ನಿಂತಿರುತ್ತದೆ, ಓಡಿಹೋಗುವುದಿಲ್ಲ. ಕೆಲಸವಿಲ್ಲದವರು ದೂರ ಸರಿಯಲಿ: ದೂರ ಎರಡರಷ್ಟಾದರೆ ವಿಕಿರಣ ಸುಮಾರು ಕಾಲು ಭಾಗಕ್ಕಿಳಿಯುತ್ತದೆ. ನಮ್ಮ ದೇಶದ ನಿಯಮದಂತೆ ಸಿಬ್ಬಂದಿಗೆ ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್ ದಾಟಬಾರದು. ಲೆಕ್ಕ ಇಡುವ ಬ್ಯಾಡ್ಜನ್ನು ಡ್ರಾಯರಿನಲ್ಲಿ ಬಿಟ್ಟು ಬಂದರೆ ಲೆಕ್ಕ ಬಲು ಚೊಕ್ಕಟವಾಗಿರುತ್ತದೆ. ಡ್ರಾಯರಿಗೆ ಏನೂ ತಗಲಿರುವುದಿಲ್ಲ.

ವಾರಂಟಿಗೆ ಸೇರದ್ದು: 1929ರಲ್ಲಿ ಜರ್ಮನಿಯ ವೆರ್ನರ್ ಫೋರ್ಸ್‌ಮನ್ ತನ್ನದೇ ತೋಳಿನ ನಾಳದಿಂದ ಹೃದಯದತ್ತ ಕೊಳವೆ ತೂರಿಸಿಕೊಂಡು, ಎಕ್ಸ್‌ರೇ ಕೋಣೆಗೆ ತಾನೇ ನಡೆದುಹೋದ. 1956ರಲ್ಲಿ ನೊಬೆಲ್ ಬಂತು ನಿಜ. ನೀವು ಕೋಳಿಯ ಎದೆಮಾಂಸದಲ್ಲಿ ಆಲಿವ್ ಹುದುಗಿಸಿ ಗುರಿ ಕಲಿಯಿರಿ, ಸಾಕು.

ಉಸಿರು: ಆದರೆ ಆ ಕೋಳಿ ಉಸಿರಾಡುವುದಿಲ್ಲ. ಮಂಚದ ಮೇಲಿನ ಅಜ್ಜನ ಲಿವರ್ ಉಸಿರೆಳೆದಾಗೊಮ್ಮೆ ಕೆಳಗಿಳಿದು, ಬಿಟ್ಟಾಗ ಮೇಲೇರುತ್ತದೆ. ಗುರಿಯೂ ಜೊತೆಗೇ ಓಡಾಡುತ್ತದೆ. ಅದಕ್ಕೇ ‘ಉಸಿರು ಹಿಡ್ಕೊಳ್ಳಿ ಅಜ್ಜಾ’ ಎನ್ನುವುದು. ಬಯಾಪ್ಸಿ ಸೂಜಿ ಟಕ್ಕೆಂದಿತು, ಎಳೆಯಷ್ಟು ಚೂರು ಸಿಕ್ಕಿತು, ಬಾಟಲಿಗೆ ಬಿತ್ತು. ಗ್ಲೌಸ್ ಕಳಚುವ ಮೊದಲು ಒಮ್ಮೆ ತಿರುಗಿ ನೋಡಿ. ಬಿಡಿ ಅಂತ ನೀವು ಹೇಳಿಲ್ಲ. ಅಜ್ಜ ಕೆನ್ನೆ ಉಬ್ಬಿಸಿಕೊಂಡು ಇನ್ನೂ ಕಾಯುತ್ತಿದ್ದಾರೆ.