ಹೆಸರೊಂದು ಬಿಟ್ಟು ಎಲ್ಲವೂ ಎಲ್ಫ್

ಲೆಗೊಲಾಸ್ ಎಂಬ ಹೆಸರು ಖಾಲಿ ಇರಲಿಲ್ಲ. ಲೆಗೊಲಾಸ್ಸ್ ಎಂದು ಬರೆದ. ಅದನ್ನೂ ಯಾರೋ ಹೊಡೆದಿದ್ದರು. ಕೊನೆಗೆ ಒಂದು ಇಂಗ್ಲಿಷ್ ಅಕ್ಷರದ ತಲೆಯ ಮೇಲೆ ಎರಡು ಚುಕ್ಕಿ ಇಟ್ಟು ಒಳಗೆ ನುಗ್ಗಿದ. ಜನ್ಮದಲ್ಲಿ ಫ್ರೆಂಚ್ ಪುಸ್ತಕ ಮುಟ್ಟಿದವನಲ್ಲ. ಆ ಚುಕ್ಕಿ ಕೀಬೋರ್ಡಿನಲ್ಲಿ ಎಲ್ಲಿದೆ ಎಂಬುದು ಮಾತ್ರ ಗೊತ್ತು.

ಇದು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್. 2004ರ ನವೆಂಬರಿನಲ್ಲಿ ಶುರುವಾದ ಆನ್‌ಲೈನ್ ಆಟ. ಹೆಸರಿಗೆ 2ರಿಂದ 12 ಅಕ್ಷರ. ಅಂಕಿ ಇಲ್ಲ, ನಡುವೆ ಜಾಗ ಬಿಡುವಂತಿಲ್ಲ. ಇಷ್ಟರೊಳಗೆ ಒಬ್ಬ ವೀರನಿಗೆ ಹೆಸರಿಡಿ ಎಂದರೆ ನಮ್ಮ ವೀರರಿಗೆ ಬೆವರು.

ಇದೇ ವೀರ ಗ್ರಾಫಿಕ್ಸ್ ಕಾರ್ಡಿಗೆ ಅರ್ಧ ಲಕ್ಷ ಸುರಿದಿದ್ದಾನೆ. ಕೆರೆಯಲ್ಲಿ ಚಂದ್ರನ ಬಿಂಬ ಅಲುಗಾಡದಿದ್ದರೆ ಕಂಪನಿಗೆ ಬೈಯುತ್ತಾನೆ. ನೈಜವಾಗಿಲ್ಲವಂತೆ. ಹುಬ್ಬಿನ ಓರೆ, ಕಿವಿಯ ಉದ್ದ, ಗಡ್ಡದ ಬಣ್ಣ ಆರಿಸಲು ಒಂದು ತಾಸು. ಹೆಸರಿಗೆ ಕೆಮ್ಮುವಷ್ಟು ಹೊತ್ತು.

ಆ ಆಟದಲ್ಲಿ ಟಾರೆನ್ ಎಂಬ ಗೂಳಿಮುಖದ ಕುಲವಿದೆ. ಭೂತಾಯಿಯನ್ನು ನಂಬಿದವರು. ಸೆಂಟಾರ್‌ಗಳ ಕಾಟಕ್ಕೆ ಬಯಲಿಂದ ಬಯಲಿಗೆ ಅಲೆದವರು. ಅವರಿಗಾಗಿ ಇಡೀ ಚರಿತ್ರೆ ಬರೆದಿಟ್ಟಿದ್ದಾರೆ. ಆ ಕುಲದಲ್ಲಿ ಹುಟ್ಟಿದ ಕಲಿಯ ಹೆಸರು ಬೀಫ್‌ಸ್ಟೇಕ್. ತಮ್ಮನ ಹೆಸರು ಮಿಲ್ಕ್‌ಶೇಕ್. ಜೋಕಂತೆ. ಇಪ್ಪತ್ತು ವರ್ಷದಿಂದ ಪ್ರತಿಯೊಬ್ಬನೂ ಈ ಜೋಕು ತನಗೇ ಮೊದಲು ಹೊಳೆದದ್ದು ಎಂದುಕೊಂಡು ನಗುತ್ತಿದ್ದಾನೆ. ಪಕ್ಕದವನು ನಗುತ್ತಿಲ್ಲ. ಅವನ ಹೆಸರೂ ಬೀಫ್‌ಸ್ಟೇಕೇ, ಕೊನೆಯಲ್ಲಿ ಒಂದಕ್ಷರ ಹೆಚ್ಚು.

ಕದಿಯುವವರಿಗೆ ಕದ್ದ ಮಾಲಿನ ಬೆಲೆಯಾದರೂ ಗೊತ್ತೇ? ಲೆಗೊಲಾಸನನ್ನು ಸೃಷ್ಟಿಸಿದ ಟೋಲ್ಕಿನ್ ಆಕ್ಸ್‌ಫರ್ಡಿನಲ್ಲಿ ಭಾಷೆ ಕಲಿಸುತ್ತಿದ್ದ ಮೇಷ್ಟ್ರು. ಎಲ್ಫ್‌ಗಳಿಗಾಗಿ ಭಾಷೆಗಳನ್ನೇ ಕಟ್ಟಿದರು. ಹೆಸರುಗಳು ಅವುಗಳಿಂದ ಬಂದವು. ಬಹುತೇಕ ಕುಬ್ಜರ ಹೆಸರುಗಳನ್ನು ‘ವೊಲುಸ್ಪಾ’ ಎಂಬ ಹಳೆಯ ನಾರ್ಸ್ ಕಾವ್ಯದಿಂದ ಎತ್ತಿದರು, ಮಾಂತ್ರಿಕ ಗ್ಯಾಂಡಾಲ್ಫನ ಹೆಸರನ್ನೂ ಸೇರಿಸಿ. ಕದಿಯುವುದೇ ಆದರೆ ಹಾಗೆ ಕದಿಯಬೇಕು. ಅವರ ಕಥಾನಾಯಕ ಫ್ರೋಡೋಗೆ ಮೊದಲ ಕರಡುಗಳಲ್ಲಿದ್ದ ಹೆಸರು ಬಿಂಗೋ. ಅದನ್ನಿಟ್ಟುಕೊಂಡು ಪುಟಗಟ್ಟಲೆ ಬರೆದರು. ಆಮೇಲೆ ಹೊಡೆದುಹಾಕಿದರು. ಲೋಕದ ಭಾರ ಹೊತ್ತು ಬೆಂಕಿಬೆಟ್ಟ ಹತ್ತುವವನನ್ನು ಬಿಂಗೋ ಎಂದು ಕರೆಯಲು ಆ ಮನುಷ್ಯನಿಗೆ ನಾಚಿಕೆಯಾಯಿತೋ ಏನೋ. ನಮ್ಮವರಿಗೆ ಆ ತೊಂದರೆ ಇಲ್ಲ.

ಬೇರೆ ಆಟಗಳಲ್ಲಿ ಇನ್ನೊಂದು ಪಂಗಡವಿದೆ. ನಕಲು ಮಾಡುವುದಿಲ್ಲ, ಸ್ವಂತ ಪ್ರತಿಭೆ. ಕೀಬೋರ್ಡಿನ ಮೇಲೆ ಮೊಣಕೈ ಊರುತ್ತಾರೆ. ಮೂಡಿದ್ದರ ನಡುವೆ ಒಂದು ಅಪಾಸ್ಟ್ರಫಿ ಚುಚ್ಚುತ್ತಾರೆ. ಅಲ್ಲಿಗೆ ಹೆಸರು ಪುರಾತನವಾಯಿತು.

ಫೈನಲ್ ಫ್ಯಾಂಟಸಿ 14ರಲ್ಲಿ ಆ ಚಿಹ್ನೆಗೆ ಅರ್ಥವಿದೆ. ಮಿಕೋಟೆ ಎಂಬ ಬೆಕ್ಕುಕಿವಿಯ ಜನ. ಅವರಲ್ಲಿ ಸೂರ್ಯನ ಪಂಗಡದವರಿಗೆ ಅಪಾಸ್ಟ್ರಫಿಯ ಮುಂಚಿನ ಅಕ್ಷರ ಬುಡಕಟ್ಟಿನ ಗುರುತು. ಗಂಡಸಾದರೆ ಹೆಸರಿನ ಕೊನೆಗೆ ‘ನುನ್’ ಅಥವಾ ‘ಟಿಯಾ’ ಸೇರುತ್ತದೆ, ಅದು ಅವನ ಅಂತಸ್ತು. ಆ ಆಟದ ಕಂಪನಿ ಇದನ್ನೆಲ್ಲ ಬರೆದು ಪ್ರಕಟಿಸಿದೆ. ಓದಲು ಸೋಮಾರಿತನವೇ? ಒಂದು ಬಟನ್ ಇದೆ, ಒತ್ತಿದರೆ ಕುಲಕ್ಕೆ ತಕ್ಕ ಹೆಸರು ತಾನಾಗಿ ಬೀಳುತ್ತದೆ. ಒತ್ತುವುದಿಲ್ಲ. ಮೊದಲ ಹೆಸರು ಕ್ಯೂಟ್, ಎರಡನೆಯದು ಕ್ಯಾಟ್. ಮುಗಿಯಿತು ನಾಮಕರಣ.

ವಾರ್‌ಕ್ರಾಫ್ಟಿನಲ್ಲಿ ಇಂಥವರನ್ನು ಹಿಡಿಯಲು ಮಡಿವಂತರಿದ್ದಾರೆ. ಪಾತ್ರವಾಗಿಯೇ ಆಡಬೇಕೆನ್ನುವ ರೋಲ್‌ಪ್ಲೇ ಸರ್ವರ್‌ನವರು. ಹೆಸರು ಲೋಕಕ್ಕೆ ಒಗ್ಗುತ್ತಿಲ್ಲ ಎಂದು ರಿಪೋರ್ಟ್ ಹೊಡೆಯುತ್ತಾರೆ. ದೂರು ಕೊಟ್ಟವರ ಹೆಸರು ನೋಡಿ. ಶ್ಯಾಡೋಬ್ಲೇಡ್. ಪಕ್ಕದಲ್ಲಿ ಡಾರ್ಕ್‌ಬ್ಲೇಡ್. ಬೆನ್ನಹಿಂದೆ ಡಾರ್ಕ್‌ಶ್ಯಾಡೋ. ಕಲ್ಪನೆಯ ಬೊಕ್ಕಸದಲ್ಲಿದ್ದದ್ದು ಮೂರೇ ಪದ. ಗಿಲ್ಡ್ ಎಂಬ ಇಡೀ ತಂಡ ಅದನ್ನೇ ಹಂಚಿಕೊಂಡಿದೆ. ಹೀಗೆ ಮಡಿಯುಟ್ಟು ಕುಳಿತು ಚಾಟಿನಲ್ಲಿ ಹರಟುವುದು ಪಿಜ್ಜಾ ಮತ್ತು ಅಮೆರಿಕದ ಚುನಾವಣೆ. ಡ್ರ್ಯಾಗನ್ ಬಾಯಿ ತೆರೆದು ನಿಂತಿರುತ್ತದೆ. ‘ಎರಡು ನಿಮಿಷ, ಕೊರಿಯರ್ ಬಂತು.’

ಇನ್ನು ವಾರ್‌ಕ್ರಾಫ್ಟ್ ಕಂಪನಿ. ಎಲ್ಲರಿಗಿಂತ ದೊಡ್ಡ ಆಷಾಢಭೂತಿ.

ರೋಲ್‌ಪ್ಲೇ ಸರ್ವರ್‌ಗಳಿಗೆಂದೇ ವಾರ್‌ಕ್ರಾಫ್ಟ್‌ನವರು ಬಿಗಿ ನಿಯಮ ಬರೆದರು. ನಿಜಲೋಕದ ತಾರೆಯರ ಹೆಸರು ಕೂಡದು, ಸಿನಿಮಾ ಪಾತ್ರಗಳ ಹೆಸರು ಕೂಡದು. ಸರಿ. ಶಟ್ರಾತ್ ನಗರದ ಹೆಂಡದಂಗಡಿಗೆ ಹೋಗಿ. ಅಲ್ಲಿ ದುಬಾರಿ ಚೀಲ ಮಾರುತ್ತ ನಿಂತವಳ ಹೆಸರು ಹ್ಯಾರಿಸ್ ಪಿಲ್ಟನ್. ಇಟ್ಟವರು ಕಂಪನಿಯವರೇ. ಟೋಪಿ ಹಾಕಿಕೊಂಡು ನಿಧಿ ಹುಡುಕುವ ಹ್ಯಾರಿಸನ್ ಜೋನ್ಸ್ ಕೂಡ ಅವರ ಮನೆಯ ಮಗನೇ. ನೀವು ಮಾಡಿದರೆ ಅಪರಾಧ, ಅವರು ಮಾಡಿದರೆ ಹಾಸ್ಯ.

2005ರಲ್ಲಿ ಇದೇ ಆಟದ ಒಂದು ವಿಡಿಯೊ ಬಂತು. ತಂಡದವರೆಲ್ಲ ಗಣಿತ ಹಾಕುತ್ತ ಯುದ್ಧತಂತ್ರ ರೂಪಿಸುತ್ತಿರುತ್ತಾರೆ. ಒಬ್ಬ ತನ್ನ ಹೆಸರನ್ನೇ ಕಿರುಚಿಕೊಂಡು ಒಳಗೆ ಓಡುತ್ತಾನೆ. ಎಲ್ಲರೂ ಸಾಯುತ್ತಾರೆ. ಹೆಸರು ಲೀರಾಯ್ ಜೆಂಕಿನ್ಸ್. ಯಾವ ಕೋನದಿಂದ ನೋಡಿದರೂ ಮಾಯಾಲೋಕದ ಹೆಸರಲ್ಲ. ಕಂಪನಿ ಏನು ಮಾಡಿತು? ಅದೇ ಜಾಗದಲ್ಲಿ 15 ಸೆಕೆಂಡಿನೊಳಗೆ 50 ಡ್ರ್ಯಾಗನ್ ಮರಿ ಕೊಂದವರಿಗೆ ‘ಜೆಂಕಿನ್ಸ್’ ಎಂಬ ಬಿರುದು ಕೊಟ್ಟಿತು. ಬಿರುದು, ಸ್ವಾಮಿ. ರಾಯರಾಯ, ಗಂಡರಗಂಡ, ಜೆಂಕಿನ್ಸ್.

ದರಪಟ್ಟಿಯನ್ನೂ ನೋಡಿಬಿಡಿ. ಹೆಸರು ಬೇಸರವಾಗಿ ಸಭ್ಯವಾದದ್ದು ಬೇಕೆಂದು ನೀವಾಗಿ ಕೇಳಿದರೆ 10 ಡಾಲರ್. ಕೆಟ್ಟ ಹೆಸರಿಟ್ಟು ಸಿಕ್ಕಿಬಿದ್ದರೆ ಹೊಸ ಹೆಸರು ಪುಕ್ಕಟೆ. ಲೋಕದ ಘನತೆ ಕಾಯುವ ವ್ಯವಸ್ಥೆಯೆಂದರೆ ಇದು.

ಈ ಹೆಸರುಗಳೆಲ್ಲ ತಮಾಷೆಗಷ್ಟೇ ಎನ್ನುವವರಿಗೆ 2010ರ ಜುಲೈ ನೆನಪಿಸಬೇಕು. ಇದೇ ಕಂಪನಿ, ಚರ್ಚಾವೇದಿಕೆಯಲ್ಲಿ ಬರೆಯುವವರ ಅಸಲಿ ಹೆಸರು ಕಾಣುವಂತೆ ಮಾಡುತ್ತೇವೆ ಎಂದಿತು. ಬೆಂಕಿ ಬಿತ್ತು. ಮೂರೇ ದಿನದಲ್ಲಿ ಕಂಪನಿ ಬಾಲ ಮುದುರಿತು. ವಿರೋಧಿಸಿದ್ದು ಸರಿಯೇ, ಹೆಂಗಸರು ತಮ್ಮ ಹೆಸರು ಬಯಲಾದರೆ ಯಾರು ಮನೆ ಹುಡುಕಿ ಬರುತ್ತಾರೋ ಎಂದು ಹೆದರಿದ್ದರಲ್ಲಿ ತಪ್ಪೇನಿಲ್ಲ. ಆದರೆ ಮೊದಲ ಸಾಲಿನಲ್ಲಿ ನಿಂತು ಮಾನ, ಗೌರವ, ಗುರುತು ಎಂದು ಕೂಗಿದ ಗಂಡಸರ ಪೈಕಿ ಬೀಫ್‌ಸ್ಟೇಕೂ ಇದ್ದಿರಬೇಕು.

ನಮ್ಮವರನ್ನು ಬಿಡಲಾದೀತೇ? ಬೆಂಗಳೂರಿನ ಹುಡುಗ. ಅವನಿಗೆ ಹೆಸರಿಡುವಾಗ ಪಂಚಾಂಗ ತೆಗೆಸಿದ್ದರು. ನಕ್ಷತ್ರ, ಪಾದ, ಅಕ್ಷರ. ಮೇಲೆ ಸಂಖ್ಯಾಶಾಸ್ತ್ರದವನಿಗೆ ದಕ್ಷಿಣೆ ಕೊಟ್ಟು ಇಂಗ್ಲಿಷ್ ಸ್ಪೆಲ್ಲಿಂಗಿಗೆ ಒಂದು ‘ಎ’ ಜಾಸ್ತಿ. ಅವನೇ ರಾತ್ರಿ ಹನ್ನೊಂದಕ್ಕೆ ಕುಳಿತು ತನಗೆ ತಾನೇ ಹೆಸರಿಡುತ್ತಾನೆ: ಫ್ರಾಸ್ಟ್‌ಲಾರ್ಡ್. ಹಿಮವನ್ನು ಫ್ರಿಜ್ಜಿನಲ್ಲಿ ಬಿಟ್ಟು ಬೇರೆಲ್ಲೂ ಕಂಡವನಲ್ಲ.

ಕನ್ನಡ ಲಿಪಿಯನ್ನು ಈ ಆಟಗಳು ಹೆಸರಿನಲ್ಲಿ ಒಪ್ಪುವುದಿಲ್ಲ, ನಿಜ. ಇಂಗ್ಲಿಷಿನಲ್ಲಾದರೂ ಬರೆಯಬಹುದಲ್ಲ. ಘಟೋತ್ಕಚ ಹನ್ನೊಂದೇ ಅಕ್ಷರ. ಬಬ್ರುವಾಹನನಿಗೂ ಹನ್ನೊಂದು. ಇಬ್ಬರೂ ಸಲೀಸಾಗಿ ಹಿಡಿಸುತ್ತಾರೆ. ಒಬ್ಬ ಮಾಯಾಯುದ್ಧದ ರಾಕ್ಷಸ, ಇನ್ನೊಬ್ಬ ಹೆತ್ತ ಅಪ್ಪನನ್ನೇ ಯುದ್ಧದಲ್ಲಿ ಕೆಡವಿದವನು. ಕರಾವಳಿಯ ಬಯಲಿನಲ್ಲಿ ಚೆಂಡೆ ಬಡಿದು ರಾತ್ರಿಯಿಡೀ ಕುಣಿದ ಹೆಸರುಗಳು. ಹುಡುಗನಿಗೆ ಅವು ‘ಫ್ಯಾಂಟಸಿ ಫೀಲ್’ ಕೊಡುವುದಿಲ್ಲವಂತೆ. ಇಟ್ಟಿದ್ದರೂ ಶ್ಯಾಡೋಬ್ಲೇಡ್ ರಿಪೋರ್ಟ್ ಹೊಡೆಯುತ್ತಿದ್ದ, ಅದು ಬೇರೆ ಮಾತು.

ಅಂತೂ ರೇಡ್, ಅಂದರೆ ತಂಡದ ದಾಳಿ, ಶುರುವಾಗುತ್ತದೆ. ಹಿಮದೊಡೆಯ ಫ್ರಾಸ್ಟ್‌ಲಾರ್ಡ್ ಕೋಲೆತ್ತಿ ನಿಂತಿದ್ದಾನೆ. ಮುಂದೆ ಕತ್ತಲಕುಲದ ಡಾರ್ಕ್‌ಬ್ಲೇಡ್ ರಕ್ತ ಸುರಿಸುತ್ತ ಬೀಳುತ್ತಿದ್ದಾನೆ. ಹೆಡ್‌ಫೋನಿನಲ್ಲಿ ಅವನ ಆರ್ತನಾದ:

‘ಲೋ ಮಂಜಾ, ಹೀಲ್ ಹಾಕೋ, ಸತ್ತೆ!’